ಹೊಡೆದವನ ಕೈಗೆ ನೋವಾಗಲ್ವಾ?

ಪಕ್ಕದ ಮನೆಯ ಹುಡುಗನಿಗೆ ಒಂಬತ್ತು ವರ್ಷ. ಕಳೆದ ಶನಿವಾರ ನಮ್ಮ ಟೀವಿಯಲ್ಲಿ ಕನ್ನಡ ಸಿನಿಮಾ ಒಂದರ ಫೈಟು ನಡೆಯುತ್ತಿತ್ತು. ಹೀರೋ ಇಪ್ಪತ್ತು ಜನರನ್ನು ಮಲಗಿಸಿ, ಕೂದಲು ಸರಿಮಾಡಿಕೊಂಡು, ಕಪ್ಪು ಕನ್ನಡಕ ಏರಿಸಿ ಹೊರಟ. ಹುಡುಗ ನನ್ನ ಕಡೆ ತಿರುಗಿದ: “ಅಂಕಲ್, ಹೊಡೆದವನ ಕೈಗೆ ನೋವಾಗಲ್ವಾ?”

ಅದು ಲೇವಡಿಯಲ್ಲ, ನಿಜಕ್ಕೂ ಅವನಿಗೆ ತಿಳಿಯಬೇಕಿತ್ತು. ಅವನ ಮನೆಯವರು ಹಾಂಗ್‌ಕಾಂಗಿನಿಂದ ಟೊರಾಂಟೋಗೆ ಬಂದವರು. ಅಜ್ಜಿಯನ್ನು ‘ಪೊ ಪೊ’ ಅಂತ ಕರೆಯುತ್ತಾನೆ. ಆ ಅಜ್ಜಿಯ ಪಕ್ಕ ಕೂತು ಜಾಕಿ ಚಾನ್ ಸಿನಿಮಾಗಳನ್ನು ಮತ್ತೆ ಮತ್ತೆ ನೋಡಿದ್ದಾನೆ. ಜಾಕಿ ಚಾನ್ ಗುದ್ದಿದ ಮೇಲೆ ಕೈ ಕೊಡವುತ್ತಾನೆ, ಮುಖ ಕಿವುಚುತ್ತಾನೆ, ಗೋಡೆಗೆ ತಾಗಿದ ಮೊಣಕೈ ಉಜ್ಜಿಕೊಳ್ಳುತ್ತಾನೆ. ಹುಡುಗನ ಲೆಕ್ಕದಲ್ಲಿ ಹೊಡೆದಾಟ ಅಂದರೆ ಇಬ್ಬರಿಗೂ ನೋವು. ನೋವಿಲ್ಲದ ಫೈಟು ಅವನಿಗೆ ಅರ್ಥವೇ ಆಗಲಿಲ್ಲ.

ಆ ಪ್ರಶ್ನೆ ವಾರಪೂರ್ತಿ ತಲೆಯಲ್ಲಿ ಉಳಿಯಿತು. ಶಿವಮೊಗ್ಗದಲ್ಲಿ ನಾವು ‘ಕರಾಟೆ ಪಿಕ್ಚರ್’ ಅಂತ ಒಂದೇ ಹೆಸರಲ್ಲಿ ಕರೆದು ನೋಡಿ ಮುಗಿಸಿದ ಕುಂಗ್‌ಫು ಸಿನಿಮಾಗಳಲ್ಲಿ ಎಷ್ಟು ಕೆಲಸ ಅಡಗಿದೆ ಅನ್ನುವುದನ್ನು ಊರಿನವರಿಗೆ ಬಿಡಿಸಿ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

1978ರ ‘ಡ್ರಂಕನ್ ಮಾಸ್ಟರ್’ ನೋಡಿ. ನಿರ್ದೇಶಕ ಯುವೆನ್ ವೂ-ಪಿಂಗ್. ಕುಡುಕ ಗುರುವಿನ ಪಾತ್ರ ಅವರ ಸ್ವಂತ ತಂದೆ ಯುವೆನ್ ಸಿಯು-ಟಿಯೆನ್ ಅವರದು. ಶಿಷ್ಯ ಜಾಕಿ ಚಾನ್ ತಲೆಕೆಳಗಾಗಿ ನೇತಾಡಿಕೊಂಡು, ಕೆಳಗಿನ ನೀರನ್ನು ಪುಟ್ಟ ಬಟ್ಟಲುಗಳಲ್ಲಿ ಮೊಗೆದು, ಹೊಟ್ಟೆಯ ಬಲದಿಂದ ಮೈ ಎತ್ತಿ ಮೇಲಿನ ಪಾತ್ರೆಗೆ ಸುರಿಯಬೇಕು. ನೋಡುವವರ ಹೊಟ್ಟೆಯೇ ಬಿಗಿಯಾಗುತ್ತದೆ. ಗುರು ಕಲಿಸುವುದು ಎಂಟು ಮಂದಿ ಕುಡುಕ ಸಿದ್ಧರ ಎಂಟು ವರಸೆ. ಎಂಟನೆಯದು ಹೆಣ್ಣು ಸಿದ್ಧೆಯದು. ಹೆಂಗಸಿನ ವರಸೆ ತನಗ್ಯಾಕೆ ಅಂತ ಶಿಷ್ಯ ಅದೊಂದನ್ನು ಸರಿಯಾಗಿ ಕಲಿಯದೆ ಬಿಟ್ಟಿರುತ್ತಾನೆ. ಕೊನೆಯ ಕಾಳಗದಲ್ಲಿ ಎದುರಿಗಿರುವವನು ಒದೆತದಲ್ಲಿ ಪಳಗಿದ ಹ್ವಾಂಗ್ ಜಂಗ್-ಲೀ. ಆಗ ಬೇಕಾಗುವುದು ಅದೇ ಎಂಟನೆಯದು! ಬಾರದ ವಿದ್ಯೆಯನ್ನು ನಿಂತ ನಿಲುವಿನಲ್ಲೇ ಹುಟ್ಟಿಸಿಕೊಳ್ಳಬೇಕಾದ ಆ ಗಳಿಗೆ ಇಡೀ ಸಿನಿಮಾದ ಜೀವ. ಮೊದಲೇ ಎಲ್ಲ ಬಲ್ಲ ಹೀರೋಗೆ ಇಂಥ ಗಳಿಗೆ ಸಿಗುವುದೇ ಇಲ್ಲ.

ಅದೇ ವರ್ಷ ಬಂದ ‘ದಿ ಥರ್ಟಿಸಿಕ್ಸ್ತ್ ಚೇಂಬರ್ ಆಫ್ ಶಾವೊಲಿನ್’ ಈ ದಾರಿಯಲ್ಲಿ ಇನ್ನೂ ಮುಂದೆ ಹೋಗುತ್ತದೆ. ಲಾವ್ ಕಾರ್-ಲ್ಯೂಂಗ್ ನಿರ್ದೇಶನ, ಗಾರ್ಡನ್ ಲಿಯು ನಾಯಕ. ಮಠದಲ್ಲಿ ಅಭ್ಯಾಸದ ಕೋಣೆಗಳು 35. ಒಂದರಲ್ಲಿ ಎರಡೂ ಕೈ ಚಾಚಿ ನೀರಿನ ಬಕೆಟ್ ಹೊರಬೇಕು. ತೋಳಿಗೆ ಚೂರಿ ಕಟ್ಟಿರುತ್ತಾರೆ, ಕೈ ಇಳಿದರೆ ಪಕ್ಕೆಗೆ ಚುಚ್ಚುತ್ತದೆ. ಇನ್ನೊಂದರಲ್ಲಿ ಉದ್ದನೆಯ ಭಾರದ ಕೋಲಿನಿಂದ ಗಂಟೆ ಬಾರಿಸಬೇಕು, ಅದು ಮಣಿಕಟ್ಟಿನ ಪಾಠ. ಸಿನಿಮಾದ ನಡುಭಾಗವೆಲ್ಲ ಇದೇ. ಆದರೂ ಬೇಸರ ಬರುವುದಿಲ್ಲ. ಯಾಕೆಂದರೆ ಇಲ್ಲಿ ಕಂಡ ಕಸರತ್ತುಗಳು ಮುಂದೆ ಕಾಳಗದಲ್ಲಿ ಗುರುತು ಹಿಡಿಯುವ ಹಾಗೆ ವಾಪಸು ಬರುತ್ತವೆ. ಜೋಡಿ ಕತ್ತಿಯ ಹಿರಿಯ ಸನ್ಯಾಸಿಯ ಕೈಲಿ ಮತ್ತೆ ಮತ್ತೆ ಸೋತ ಮೇಲೆ ನಾಯಕ ಮೂರು ತುಂಡಿನ ದೊಣ್ಣೆ ಮಾಡಿಕೊಳ್ಳುತ್ತಾನೆ. ಸೋಲೇ ಅವನಿಗೆ ಆಯುಧ ಕೊಟ್ಟಿತು.

ಇನ್ನು ಚಿತ್ರೀಕರಣದ ಮಾತು. ಒದೆತದ ಬಲ ಹುಟ್ಟುವುದು ನೆಲಕ್ಕೆ ಊರಿದ ಕಾಲಲ್ಲಿ. ಅಲ್ಲಿಂದ ಸೊಂಟ ತಿರುಗಿ ಇನ್ನೊಂದು ಕಾಲಿಗೆ ಹೋಗುತ್ತದೆ. ಹಾಗಾಗಿ ಕ್ಯಾಮೆರಾ ತಲೆಯಿಂದ ಪಾದದವರೆಗೆ ಹಿಡಿಯಬೇಕು. ಎದೆಯಿಂದ ಮೇಲಷ್ಟೇ ತೋರಿಸಿದರೆ ನಟನಿಗೆ ಬಾರದ್ದನ್ನು ಮುಚ್ಚಬಹುದು, ಆದರೆ ಬಲ ಎಲ್ಲಿಂದ ಬಂತು ಅಂತ ಕಣ್ಣಿಗೆ ತಿಳಿಯುವುದಿಲ್ಲ. ಮುಖಕ್ಕೆ ಬೀಳುವ ಗುದ್ದು ನಿಜವಾಗಿ ತಾಗುವುದಿಲ್ಲ. ಕ್ಯಾಮೆರಾ ಒಬ್ಬನ ಹೆಗಲ ಹಿಂದೆ ಇದ್ದರೆ ನಡುವಿನ ಅಂತರ ಮುಚ್ಚಿಹೋಗುತ್ತದೆ, ಪಕ್ಕದಿಂದ ಹಿಡಿದರೆ ಬಯಲಾಗುತ್ತದೆ. ಬಟ್ಟೆಗೆ ಮೊದಲೇ ಪುಡಿ ಸವರಿಟ್ಟರೆ ಏಟು ಬಿದ್ದಲ್ಲಿ ಧೂಳು ಚಿಮ್ಮಿ ಹೊಡೆತ ಕಾಣುತ್ತದೆ. ಮಾರಿ ಜಾತ್ರೆಯ ಜಂಗಿ ಕುಸ್ತಿಯಲ್ಲಿ ಪೈಲ್ವಾನ ಬಿದ್ದಾಗ ಬೆನ್ನಿಗೆ ಮೆತ್ತುವ ಕೆಮ್ಮಣ್ಣು ಮಾಡುವ ಕೆಲಸವೂ ಅದೇ. ಎಲ್ಲಿ ಬಿದ್ದ, ಎಷ್ಟು ಜೋರಾಗಿ ಬಿದ್ದ ಅನ್ನುವುದಕ್ಕೆ ಮಣ್ಣೇ ಸಾಕ್ಷಿ.

ವೇಗಕ್ಕೂ ಒಂದು ಲೆಕ್ಕವಿದೆ. ಸೆಕೆಂಡಿಗೆ 24 ಫ್ರೇಮಿನ ಬದಲು 22ರಲ್ಲಿ ತೆಗೆದು 24ರಲ್ಲಿ ಓಡಿಸಿದರೆ ಚಲನೆ ಸುಮಾರು ಶೇಕಡಾ 9ರಷ್ಟು ಚುರುಕಾಗುತ್ತದೆ. ಇನ್ನೂ ಇಳಿಸುತ್ತ ಹೋದರೆ ಮನುಷ್ಯರು ಗೊಂಬೆಗಳಾಗುತ್ತಾರೆ. ನಡೆಯುವವರನ್ನು, ಹಾರುವ ಬಟ್ಟೆಯನ್ನು ನೋಡಿದರೆ ಮೋಸ ಗೊತ್ತಾಗಿಬಿಡುತ್ತದೆ. ಕತ್ತರಿಯದ್ದು, ಅಂದರೆ ಸಂಕಲನದ್ದು, ಇನ್ನೂ ಸೂಕ್ಷ್ಮ. ದೂರದ ಶಾಟಿನಲ್ಲಿ ಕಾಲು ತಾಗುವವರೆಗೆ ತೋರಿಸಿ, ಹತ್ತಿರದ ಶಾಟನ್ನು ತಾಗುವುದಕ್ಕಿಂತ ಒಂದೆರಡು ಫ್ರೇಮ್ ಹಿಂದಿನಿಂದ ಶುರುಮಾಡುತ್ತಾರೆ. ಏಟು ಎರಡು ಸಲ ಬಿದ್ದಂತಾಗಿ ಮನಸ್ಸು ಅದನ್ನು ಒಂದೇ ದೊಡ್ಡ ಏಟು ಅಂತ ಓದಿಕೊಳ್ಳುತ್ತದೆ. ಸರಿಯಾಗಿ ತಾಗುವ ಹೊತ್ತಿಗೇ ಕತ್ತರಿಸಿದರೆ ಹೊಸ ಶಾಟಿನಲ್ಲಿ ಎಲ್ಲಿ ನೋಡಬೇಕು ಅಂತ ಕಣ್ಣು ಹುಡುಕುವುದರೊಳಗೆ ಹೊಡೆತ ಮುಗಿದಿರುತ್ತದೆ. ನಮ್ಮ ಎಷ್ಟೋ ಫೈಟುಗಳು ಕೆಡುವುದು ಇಲ್ಲೇ. ಶಬ್ದ ಕೇಳುತ್ತದೆ, ಹೊಡೆತ ಕಾಣುವುದಿಲ್ಲ.

1972ರ ‘ದಿ ವೇ ಆಫ್ ದಿ ಡ್ರಾಗನ್’ ಚಿತ್ರದ ಕೊಲೊಸಿಯಮ್ ಕಾಳಗದಲ್ಲಿ ಬ್ರೂಸ್ ಲೀ ಮತ್ತು ಚಕ್ ನಾರಿಸ್ ಮೊದಲು ಮೈ ಸಡಿಲ ಮಾಡಿಕೊಳ್ಳುತ್ತಾರೆ, ಗೆಣ್ಣು ಲಟಲಟ ಮುರಿಯುತ್ತಾರೆ. ಶುರುವಿನಲ್ಲಿ ಏಟು ತಿನ್ನುವವನು ಬ್ರೂಸ್ ಲೀ. ಬಿದ್ದ ಮೇಲೆ ಪಟ್ಟು ಬದಲಿಸಿ, ಕಾಲಲ್ಲಿ ಕುಣಿಯುತ್ತ ಎದುರಾಳಿಯ ಲಯ ಕೆಡಿಸುತ್ತಾನೆ. ಯೋಚನೆ ಬದಲಾದದ್ದು ಪಾದದಲ್ಲಿ ಕಾಣುತ್ತದೆ, ಸಂಭಾಷಣೆಯೇ ಬೇಕಾಗಿಲ್ಲ.

ಹಾರಾಟದ ಸಿನಿಮಾಗಳನ್ನು ಊರಲ್ಲಿ ಹಲವರು ‘ಸುಳ್ಳು’ ಅಂತ ತಳ್ಳಿಬಿಡುತ್ತಾರೆ. ಆದರೆ ಆಂಗ್ ಲೀ ಅವರ 2000ದ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರಾಗನ್’ ಚಿತ್ರದ ಬಿದಿರು ಕಾಡಿನ ಕಾಳಗಕ್ಕೆ ಮಲೆನಾಡಿನವರಷ್ಟು ಒಳ್ಳೆಯ ತೀರ್ಪುಗಾರರು ಸಿಗಲಿಕ್ಕಿಲ್ಲ. ಬಿದಿರು ಮೆಳೆಯ ಪಕ್ಕ ಬೆಳೆದವರಿಗೆ ಗೊತ್ತು: ಗಳ ಎಳೆದರೆ ತುದಿ ತೂಗಿ ತೂಗಿ ಬಾಗುತ್ತದೆ, ಬಿಟ್ಟರೆ ಅಷ್ಟೇ ಬಲದಿಂದ ಚಿಮ್ಮುತ್ತದೆ. ಆ ದೃಶ್ಯದಲ್ಲಿ ಮನುಷ್ಯರು ಉಕ್ಕಿನ ತಂತಿಯಲ್ಲಿ ತೂಗುತ್ತಿದ್ದರೂ ಗಳ ಅವರ ಭಾರಕ್ಕೆ ಬಾಗುತ್ತದೆ, ಬಿಟ್ಟಾಗ ಚಿಮ್ಮುತ್ತದೆ. ಬಿದಿರು ನಿಜ ಹೇಳಿದ್ದರಿಂದ ಹಾರಾಟವನ್ನು ನಂಬುತ್ತೇವೆ. ತಂತಿ ಕೆಲಸ ಕೆಡುವುದು ನಟ ಕಾಲೊದ್ದು ಜಿಗಿಯುವುದಕ್ಕೂ ಆಳುಗಳು ತಂತಿ ಎಳೆಯುವುದಕ್ಕೂ ಹೊಂದಾಣಿಕೆ ತಪ್ಪಿದಾಗ. ಆಗ ಸೊಂಟ ಮೊದಲು ಏರಿ ಕಾಲು ಹಿಂದೆ ಜೋತಾಡುತ್ತದೆ. ಅದೇ ಚಿತ್ರದಲ್ಲಿ ರಾತ್ರಿ ಮಾಡಿನ ಮೇಲೆ ಬೆನ್ನಟ್ಟುವಾಗ ಮಿಶೆಲ್ ಯೋ ಪಾತ್ರ ಹಾರಹೊರಟವಳ ಪಾದವನ್ನೇ ಮೆಟ್ಟಿ ನೆಲಕ್ಕೆ ಹಿಡಿಯುತ್ತದೆ. ಆ ಹೊತ್ತು ಹಿನ್ನೆಲೆಯಲ್ಲಿ ಪಿಟೀಲಿಲ್ಲ, ಹಾಡಿಲ್ಲ. ಬರೀ ಮದ್ದಳೆಯಂಥ ಬಡಿತ.

ಆ ಬಡಿತದ ಗುಟ್ಟು ಹೇಳಿದ್ದು ಪೊ ಪೊ. ತೀರ್ಥಹಳ್ಳಿ ಕಡೆಯ ಯಕ್ಷಗಾನ ಬಯಲಾಟದ ವಿಡಿಯೋ ಫೋನಿನಲ್ಲಿ ಓಡುತ್ತಿತ್ತು. ಅಜ್ಜಿ ಈ ಕಡೆ ಬೆನ್ನು ಹಾಕಿ ಕೂತು ಸೊಪ್ಪು ಸೋಸುತ್ತಿದ್ದರು. ಭಾಗವತರು ಬಿರುಸಿನ ಏರುಪದ ಎತ್ತಿ ಚಂಡೆ ಬಿದ್ದ ಕೂಡಲೇ, ತಿರುಗಿಯೂ ನೋಡದೆ ಏನೋ ಅಂದರು. ಹುಡುಗ ಹೇಳಿದ: “ಈಗ ಕಾಳಗ ಶುರುವಾಯ್ತಂತೆ.”

ಚೀನೀಯರ ಹಾಡುನಾಟಕವಾದ ಆಪೆರಾದಲ್ಲೂ ಹೀಗೆಯೇ. ಕಾಳಗ ನಡೆಸುವುದು ಡೋಲು ಮತ್ತು ಜಾಗಟೆ. ಬಿರುಸಾಗಿ ನಾಲ್ಕಾರು ಏಟು, ಥಟ್ಟನೆ ಒಂದು ನಿಲುವು, ಮತ್ತೆ ಬಿರುಸು. ಆ ನಿಲುವಿನಲ್ಲೇ ಯಾರ ಕೈ ಮೇಲು ಅಂತ ನಮಗೆ ತಿಳಿಯುವುದು. ಜಾಕಿ ಚಾನ್, ಸಮ್ಮೊ ಹಂಗ್, ಯುವೆನ್ ಬಿಯಾವೊ ಮೂವರೂ ಹಾಂಗ್‌ಕಾಂಗಿನಲ್ಲಿ ಯು ಜಿಮ್-ಯುವೆನ್ ಅನ್ನುವ ಗುರುವಿನ ಪೀಕಿಂಗ್ ಆಪೆರಾ ಶಾಲೆಯಲ್ಲಿ ಚಿಕ್ಕಂದಿನಿಂದ ಕಲಿತವರು. ಬ್ರೂಸ್ ಲೀ ಬದಲಿಗೆ ಲಾಗ ಹಾಕಿದ ಯುವೆನ್ ವಾ ಕೂಡ ಅದೇ ಶಾಲೆಯವರು. ಆಪೆರಾಕ್ಕೆ ಜನ ಕಡಿಮೆಯಾದಾಗ ಆ ಹುಡುಗರು ಸಿನಿಮಾಕ್ಕೆ ಬಂದರು, ಲಯವನ್ನೂ ಜೊತೆಗೆ ತಂದರು.

ನಮ್ಮಲ್ಲೂ ಮೇಳಗಳಿವೆ, ತಾಳಕ್ಕೆ ಸರಿಯಾಗಿ ಮೈ ತಿರುಗಿಸುವವರು ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಆದರೆ ಸಿನಿಮಾದವರು ಅವರನ್ನು ಕರೆಯುವುದು ಹಾಡಿನ ಹಿಂದೆ ಬಣ್ಣಕ್ಕೆ. ಕಿರೀಟ ಕಂಡರು, ಕಾಲು ಕಾಣಲಿಲ್ಲ. ಇದು ನನಗೆ ನಿಜವಾಗಿ ನೋವಿನ ವಿಷಯ. ಒಬ್ಬ ಸಾಹಸ ನಿರ್ದೇಶಕ ಒಂದು ರಾತ್ರಿ ವೇಷ ಕಟ್ಟುವ ಚೌಕಿಯ ಪಕ್ಕ ಕೂತು, ಏರುಪದದ ಏಟುಗಳನ್ನು ಎಣಿಸಿ, ಅದೇ ಲೆಕ್ಕಕ್ಕೆ ಅರ್ಧ ನಿಮಿಷದ ಕಾಳಗ ಕಟ್ಟಲಿ. ಕ್ಯಾಮೆರಾ ದೂರ ಇಟ್ಟು, ನಡುವೆ ಕತ್ತರಿ ಹಾಕದೆ ಹಿಡಿಯಲಿ. ಗೆಜ್ಜೆಯ ಶಬ್ದ ತೆಗೆಯದಿರಲಿ.

ವಿಡಿಯೋದಲ್ಲಿ ವೇಷಧಾರಿ ಮಂಡಿ ಊರಿ ಗಿರಗಿರನೆ ಸುತ್ತತೊಡಗಿದ. ಹುಡುಗ ಬೆರಳು ಮಡಚಿ ಎಣಿಸುತ್ತ ಹೋಗಿ, ನಡುವೆ ಲೆಕ್ಕ ತಪ್ಪಿ ಬಿಟ್ಟ. ಸುತ್ತು ಮುಗಿದು ವೇಷ ಎದ್ದು ನಿಂತಾಗ ಎದೆ ಏರಿಳಿಯುವುದು ಕಾಣುತ್ತಿತ್ತು.

“ಅಂಕಲ್, ಇವರಿಗೆ ಮಂಡಿ ನೋಯುತ್ತೆ ಅಲ್ವಾ?”

“ಹೌದಪ್ಪ, ನೋಯುತ್ತೆ.”

ಅವನು ವಿಡಿಯೋ ಹಿಂದಕ್ಕೆ ಎಳೆದು ಮೊದಲ ಸುತ್ತಿನಿಂದ ಮತ್ತೆ ಎಣಿಸಲು ಶುರುಮಾಡಿದ.