ಗಾಜಿನೊಳಗಿನ ಮಿಂಚುಳ್ಳಿ

ಸತ್ತ ಹಕ್ಕಿಗಳನ್ನು ಚರ್ಮ, ಗರಿ ಕೆಡದಂತೆ ಜೀವಂತವಿದ್ದ ಹಾಗೇ ಕಾಪಿಡುವುದಕ್ಕೆ ಟ್ಯಾಕ್ಸಿಡರ್ಮಿ ಅನ್ನುತ್ತಾರೆ. ಅಂಥ ಹಕ್ಕಿಗಳ ನನ್ನ ಸಂಗ್ರಹದಲ್ಲಿ ಎಲ್ಲಕ್ಕಿಂತ ಹಳೆಯದು ಒಂದು ಮಿಂಚುಳ್ಳಿ. ಗಾಜಿನ ಗುಮ್ಮಟದೊಳಗೆ, ಒಣಪಾಚಿ ಅಂಟಿಸಿದ ಕೊಂಬೆಯ ಮೇಲೆ ಕೂತಿದೆ. ಎದೆಯ ಕಿತ್ತಳೆ ಬಣ್ಣ ಮಂಕಾಗಿದೆ. ಬೆನ್ನಿನ ನೀಲಿ ಮಾತ್ರ ಇವತ್ತಿಗೂ ಹೊಳೆಯುತ್ತದೆ. ಆ ನೀಲಿ, ಬಣ್ಣದ ಕಣಗಳಿಂದ ಬಂದದ್ದಲ್ಲ, ಗರಿಯ ಒಳಗಿನ ಸೂಕ್ಷ್ಮ ರಚನೆಗೆ ಬೆಳಕು ತಾಗಿ ಹುಟ್ಟುವಂಥದ್ದು. ಅದಕ್ಕೇ ಬೇಗ ಮಾಸುವುದಿಲ್ಲ.

ಹಳೆಯ ಹಕ್ಕಿಗಳನ್ನು ನಾನು ಬರಿಗೈಯಲ್ಲಿ ಮುಟ್ಟುವುದೇ ಇಲ್ಲ. 18ನೇ ಶತಮಾನದಲ್ಲಿ ಫ್ರಾನ್ಸಿನ ಬೆಕೂರ್ ಎಂಬಾತ ಆರ್ಸೆನಿಕ್ ಎಂಬ ವಿಷ ಬೆರೆಸಿದ ಸೋಪು ತಯಾರಿಸಿದ. ಹುಳ ಹತ್ತದಿರಲಿ ಅಂತ ಅದನ್ನು ಚರ್ಮದ ಒಳಬದಿಗೆ ಹಚ್ಚುತ್ತಿದ್ದರು. 20ನೇ ಶತಮಾನದಲ್ಲೂ ಆ ರೂಢಿ ಇತ್ತು. ಹಕ್ಕಿಯ ಜೊತೆ ವಿಷವೂ ಉಳಿದಿದೆ, ಅಲ್ವಾ? ಗ್ಲೌಸ್, ಮಾಸ್ಕ್ ಎರಡೂ ಬೇಕು. ಬಾಯಿಂದ ಊದಿ ಧೂಳು ತೆಗೆಯುವುದಂತೂ ಬೇಡವೇ ಬೇಡ.

ಹೊಸ ಹಕ್ಕಿಗಳಲ್ಲಿ ಆ ಭಯ ಕಡಿಮೆ, ಹುಳದ ಕಾಟ ಜಾಸ್ತಿ. ಒಂದು ದಿನ ಗೂಬೆಯ ಕಾಲಬುಡದಲ್ಲಿ ಮರಳಿನಂಥ ಪುಡಿ ಕಂಡಿತು. ಭೂತಗನ್ನಡಿ ಹಿಡಿದು ನೋಡಿದರೆ ಗರಿ, ಚರ್ಮ ತಿನ್ನುವ ಕಾರ್ಪೆಟ್ ಬೀಟಲ್ ಎಂಬ ಕೀಟದ ಮರಿಹುಳು ಬಿಟ್ಟುಹೋದ ಪೊರೆ. ಕಂದು ಬಣ್ಣ, ಮೈತುಂಬ ರೋಮ. ಎದೆ ಧಸಕ್ಕೆಂದಿತು. ಹುಳ ಸಾಯಲಿ ಅಂತ ಗೂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಸುತ್ತಿ, ಮೈನಸ್ 20 ಡಿಗ್ರಿಯ ಫ್ರೀಜರ್‌ನಲ್ಲಿ 2 ವಾರ ಇಟ್ಟೆ. ತೆಗೆದ ಕೂಡಲೇ ಚೀಲ ಬಿಚ್ಚಬಾರದು, ಗರಿಗಳ ಮೇಲೆ ನೀರು ಕೂರುತ್ತದೆ. ಒಂದು ದಿನ ಪೂರ್ತಿ ಕಾದೆ.

ಕೊಳ್ಳುವಾಗ ನನ್ನ ಮೊದಲ ಪ್ರಶ್ನೆ, ಈ ಹಕ್ಕಿ ಹೇಗೆ ಸತ್ತಿತು? ಕಾಗದಪತ್ರ ಇಲ್ಲದಿದ್ದರೆ ಎಷ್ಟೇ ಚೆಂದವಿದ್ದರೂ ಬೇಡ.

ಗೂಬೆ ಈಗ ಕಿಟಕಿಯಿಂದ ದೂರದ ಕಪಾಟಿನಲ್ಲಿದೆ. ಪ್ರತಿ ಭಾನುವಾರ ಟಾರ್ಚ್ ಹಿಡಿದು ಅದರ ಕಾಲಬುಡ ನೋಡುತ್ತೇನೆ.