ತಾಳವಾದ್ಯಕ್ಕೆ ಶ್ರುತಿ ಯಾಕೆ?

ಕಛೇರಿಗೆ ಮುಂಚೆ ಮೃದಂಗದವರು ಕಲ್ಲು ಹಿಡಿದು ಅಂಚು ತಟ್ಟುತ್ತಾ ಕೂತರೆ ಸಾಕು, ಪಕ್ಕದಲ್ಲಿರುವವರು ನನ್ನ ಕಡೆ ವಾಲಿ ಕೇಳುತ್ತಾರೆ: "ಬಾರಿಸೋ ವಾದ್ಯಕ್ಕೆ ಶ್ರುತಿ ಯಾಕ್ರೀ? ಮತ್ತೆ ಆ ಕಪ್ಪು ಏನದು?" ಇವು ಎರಡು ಪ್ರಶ್ನೆಗಳಲ್ಲ, ಒಂದೇ. ಬಲಮುಚ್ಚಿಗೆಯ (ಮೃದಂಗದ ಬಲಗಡೆಯ ಚರ್ಮದ) ನಡುವೆ ಆ ಕಪ್ಪು ಲೇಪ, ಅಂದರೆ ಕರಣೆ, ಇಲ್ಲದಿದ್ದರೆ ಶ್ರುತಿ ಕೂಡಿಸುವ ಮಾತೇ ಬರುತ್ತಿರಲಿಲ್ಲ.

ತಂತಿಯಿಂದ ಶುರು ಮಾಡೋಣ. ವೀಣೆಯ ತಂತಿ ಸೆಕೆಂಡಿಗೆ 150 ಸಲ ಕಂಪಿಸುವಾಗ ಅದರ ಜೊತೆಗೇ 300, 450, 600ರ ಕಂಪನಗಳೂ ಇರುತ್ತವೆ. ಎಲ್ಲವೂ ಮೊದಲನೆಯದರ ಪೂರ್ಣ ಗುಣಕಗಳಾದ್ದರಿಂದ ಕಿವಿ ಅವನ್ನು ಬಿಡಿಸಿ ನೋಡದೆ ಒಂದೇ ಸ್ವರ ಎಂದುಕೊಳ್ಳುತ್ತದೆ. ಬಿಗಿದ ಚರ್ಮಕ್ಕೆ ಈ ಶಿಸ್ತಿಲ್ಲ. ಅದರ ಮೊದಲ ಕಂಪನ 150 ಆದರೆ ಮುಂದಿನವು ಸುಮಾರು 239, 320, 344, 398. ಒಂದಕ್ಕೊಂದು ಲೆಕ್ಕವೇ ಕೂಡುವುದಿಲ್ಲ. ತಮಟೆ ಎದೆ ನಡುಗಿಸುತ್ತದೆ, ಆದರೆ ಅದರಲ್ಲಿ ಷಡ್ಜ (ಆಧಾರಸ್ವರ "ಸ") ಹುಡುಕಲು ಆಗದ್ದು ಇದಕ್ಕೇ.

ಕರಣೆ ಈ ಲೆಕ್ಕವನ್ನು ತಿದ್ದುತ್ತದೆ. "ಭಾರ ಹಾಕಿದರೆ ಸ್ವರ ಇಳಿಯುತ್ತದೆ" ಎಂದು ಹೇಳಿ ಮುಗಿಸುವವರು ಅರ್ಧ ಮಾತ್ರ ಹೇಳುತ್ತಾರೆ. ಇಳಿಕೆ ಎಲ್ಲ ಕಂಪನಗಳಿಗೂ ಸಮ ಅಲ್ಲ. ಮೊದಲ ಕಂಪನದಲ್ಲಿ ಚರ್ಮದ ನಡುಭಾಗವೇ ಅತಿ ಹೆಚ್ಚು ಏರಿಳಿಯುವುದರಿಂದ ನಡುವಿನ ಭಾರ ಅದನ್ನು ಬಹಳ ಕೆಳಗೆ ಎಳೆಯುತ್ತದೆ. ಎರಡನೆಯದರಲ್ಲಿ ಚರ್ಮದ ಒಂದು ಅರ್ಧ ಮೇಲೇಳುವಾಗ ಇನ್ನೊಂದು ಅರ್ಧ ಕೆಳಗಿಳಿಯುತ್ತದೆ, ನಟ್ಟನಡು ಅಲುಗುವುದೇ ಇಲ್ಲ. ಅದಕ್ಕೆ ಭಾರದ ಬಿಸಿ ಕಡಿಮೆ. ಹೀಗೆ ಅಂತರಗಳು ಹಿಗ್ಗಿ 1, 2, 3, 4, 5ರ ಸಾಲಿಗೆ ಹತ್ತಿರ ಬಂದು ನಿಲ್ಲುತ್ತವೆ. ಸಿ.ವಿ. ರಾಮನ್ ಶಿವಕಾಳಿ ಕುಮಾರ್ ಜೊತೆ 1920ರಲ್ಲೇ ಇದನ್ನು ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಮತ್ತಷ್ಟು ವಿವರವಾಗಿ ತೋರಿಸಿದರು: ಚರ್ಮದ ಮೇಲೆ ಮರಳು ಉದುರಿಸಿ, ಅದು ಎಲ್ಲಿ ಗೆರೆಗಟ್ಟುತ್ತದೆ ಎಂದು ನೋಡಿ, ಒಂಬತ್ತು ಬಗೆಯ ಕಂಪನಗಳು ಐದೇ ಸ್ವರಗಳಲ್ಲಿ ಸೇರಿಕೊಳ್ಳುತ್ತವೆ ಎಂದರು. (ನೊಬೆಲ್ ಬಂದದ್ದು ಬೆಳಕಿನ ಕೆಲಸಕ್ಕೆ. ಮೃದಂಗಕ್ಕೆ ಅಂತ ಹೇಳುವವರನ್ನೂ ಕಂಡಿದ್ದೇನೆ!)

ಆದರೆ ರಾಮನ್‌ಗಿಂತ ಎಷ್ಟೋ ಹಿಂದೆ ವಾದ್ಯ ಮಾಡುವವರ ಕೈಗೆ ಇದು ಗೊತ್ತಿತ್ತಲ್ಲ, ನನಗೆ ದೊಡ್ಡದಾಗಿ ಕಾಣುವುದು ಅದು. ಕಿಟ್ಟ ಎಂಬ ಕಪ್ಪು ಕಲ್ಲಿನ ಪುಡಿಯನ್ನು ಅನ್ನದ ಜೊತೆ ಅರೆದು, ಒಂದು ಪದರ ಹಚ್ಚಿ, ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ ಒಣಗಿಸಿ, ಮೇಲೆ ಮತ್ತೊಂದು ಪದರ, ಅದರ ಮೇಲೆ ಇನ್ನೊಂದು. ಉಜ್ಜುವಾಗ ಕರಣೆಯಲ್ಲಿ ಕೂದಲೆಳೆಯಂಥ ಬಿರುಕುಗಳೇಳುತ್ತವೆ. ಅದು ಕೆಲಸ ಕೆಟ್ಟದ್ದರ ಗುರುತಲ್ಲ. ಬಿರುಕಿಲ್ಲದ ಗಟ್ಟಿ ಬಿಲ್ಲೆಯಾದರೆ ಚರ್ಮ ಬಾಗದೆ ಸೆಟೆದು ನಿಲ್ಲುತ್ತಿತ್ತು. ಬೇಕಾದದ್ದು ಭಾರ, ಬಿಗುಪಲ್ಲ.

ಇನ್ನು ನುಡಿಸುವವರ ಬೆರಳು. "ನಂ" ಎಂಬ ಪಾಟಾಕ್ಷರಕ್ಕೆ (ಹೊಡೆತದ ಹೆಸರಿಗೆ) ಉಂಗುರಬೆರಳು ಕರಣೆಯ ಅಂಚಿನಲ್ಲಿ ಹಗುರಾಗಿ ಕೂತಿರುತ್ತದೆ, ತೋರುಬೆರಳು ಹೊರ ಅಂಚನ್ನು ಹೊಡೆಯುತ್ತದೆ. ಬೆರಳಿರುವ ಜಾಗ ಅಲುಗಬೇಕಾದ ಕಂಪನಗಳೆಲ್ಲ ಅಲ್ಲೇ ಸತ್ತು, ಆ ಜಾಗ ನಿಶ್ಚಲವಾಗಿರುವಂಥವು ಮಾತ್ರ ಉಳಿದು ಮೊಳಗುತ್ತವೆ.

ಹಾಗಾದರೆ ಅಂಚು ತಟ್ಟುವುದು ಯಾಕೆ? ತಟ್ಟಿದರೆ ಚರ್ಮದ ಬಿಗಿ ಬದಲಾಗಿ ಎಲ್ಲ ಕಂಪನಗಳೂ ಒಟ್ಟಿಗೆ ಏರುತ್ತವೆ ಅಥವಾ ಇಳಿಯುತ್ತವೆ. ಗಾಯಕರ ಷಡ್ಜಕ್ಕೆ ಹೊಂದಿಸಲು ಅಷ್ಟು ಸಾಕು. ಅವುಗಳ ನಡುವಿನ ಅನುಪಾತ ಮಾತ್ರ ಕರಣೆಯ ಕೈಯಲ್ಲಿದೆ. ಕರಣೆ ಚಕ್ಕೆ ಎದ್ದು ಉದುರಿದ ಮೃದಂಗವನ್ನು ಎಷ್ಟು ತಟ್ಟಿದರೂ "ನಂ" ಅಪಸ್ವರವೇ. ಕೆರೆದು ತೆಗೆದು ಹೊಸದಾಗಿ ಹಾಕಿಸಬೇಕು.