ಆಸ್ಟೇರಿಯನ್, ಲೇಜೆಲ್ ಅಂಥವರನ್ನು ಹೇಗೆ ಸಹಿಸಿಕೊಳ್ಳುತ್ತೀರಿ?

ಬಾಲ್ಡರ್ಸ್ ಗೇಟ್ 3 ಎಂಬ ವಿಡಿಯೋ ಗೇಮ್ ಆಡಲು ಶುರು ಮಾಡಿದವರು ಸ್ವಲ್ಪ ದೂರ ಹೋಗುವಷ್ಟರಲ್ಲೇ ಈ ಪ್ರಶ್ನೆ ಕೇಳುತ್ತಾರೆ. ಇಬ್ಬರೂ ಆಟದಲ್ಲಿ ನಿಮ್ಮ ಜೊತೆ ಸಾಗುವ ಪಾತ್ರಗಳು. ಲೇಜೆಲ್ ಬಾಯಿ ಬಿಟ್ಟರೆ ಬೈಗುಳ. ದಾರಿಯಲ್ಲಿ ಯಾರಿಗೋ ಉಪಕಾರ ಮಾಡಿದರೆ ಆಸ್ಟೇರಿಯನ್ ಮುಖ ಸಿಂಡರಿಸುತ್ತಾನೆ. ಇವರ ಮೇಲೆ ಮರುಕ ಹುಟ್ಟುವುದಾದರೂ ಹೇಗೆ? ಕ್ಯಾಂಪಿನಲ್ಲೇ ಬಿಟ್ಟು ಹೋದರೆ ಏನು ನಷ್ಟ?

ನಷ್ಟ ದೊಡ್ಡದು. 2023ರಲ್ಲಿ ಲೇರಿಯನ್ ಸ್ಟುಡಿಯೋಸ್ ಹೊರತಂದ ಈ ಆಟದಲ್ಲಿ ಬರವಣಿಗೆ ಅತಿ ಗಟ್ಟಿಯಾಗಿರುವುದು ಈ ಇಬ್ಬರ ಕಥೆಯಲ್ಲೇ. ಮುಂದೆ ಕಥೆಯ ಗುಟ್ಟುಗಳೆಲ್ಲ ಬರುತ್ತವೆ, ಹಾಗಾಗಿ ಆಟ ಮುಗಿಸದವರು ಇಲ್ಲಿಗೇ ನಿಲ್ಲಿಸಿ.

ಈ ಇಬ್ಬರೂ ಒಡೆಯರ ಕೈಯಲ್ಲಿ ಪಳಗಿದವರು. ಅವರ ಕ್ರೌರ್ಯ ಆ ಒಡೆಯರು ಕಲಿಸಿದ ಪಾಠ. ಆಟ ಮಾಡುವ ಕೆಲಸವೇನೆಂದರೆ, ಆಗಾಗ ನಿಮ್ಮನ್ನೇ ಆ ಒಡೆಯನ ಜಾಗದಲ್ಲಿ ನಿಲ್ಲಿಸಿ, ಕೈಗೊಂದು ಆಮಿಷ ಕೊಟ್ಟು ನೋಡುತ್ತದೆ. ಹಿನ್ನೆಲೆ ಓದಿ ಬರುವ ಅಯ್ಯೋ ಪಾಪ ಹೆಚ್ಚು ಹೊತ್ತು ಉಳಿಯುವುದಿಲ್ಲ. ಆ ಆಮಿಷ ಬೇಡ ಎಂದ ಮೇಲೆ ಬರುವ ಮರುಕ ಉಳಿಯುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಎರಡನೇ ಅಂಕದಲ್ಲಿದೆ. ಶತ್ರುಗಳ ಕೋಟೆಯಾದ ಮೂನ್‌ರೈಸ್ ಟವರ್ಸ್‌ಗೆ ಹೋಗುವಾಗ ಆಸ್ಟೇರಿಯನ್ ನಿಮ್ಮ ಜೊತೆಗಿರಲಿ. ಅಲ್ಲಿ ಅರಾಜ್ ಒಬ್ಲೋಡ್ರಾ ಎಂಬ ರಕ್ತದ ವ್ಯಾಪಾರಿ ಇದ್ದಾಳೆ. ರಕ್ತಪಿಶಾಚಿಯೊಬ್ಬ ತನ್ನನ್ನು ಕಚ್ಚಬೇಕು ಎಂಬುದು ಅವಳ ಬಹುಕಾಲದ ಆಸೆ. ಬದಲಿಗೆ ಕೊಡುವುದು ಒಂದು ಕಷಾಯ, ಕುಡಿದರೆ ಸ್ಟ್ರೆಂತ್, ಅಂದರೆ ದೇಹಬಲದ ಅಂಕ, ಶಾಶ್ವತವಾಗಿ 2 ಹೆಚ್ಚುತ್ತದೆ. ಆಡುವವರಿಗೆ ಗೊತ್ತು, ಈ ಆಟದಲ್ಲಿ ಶಾಶ್ವತ +2 ಎಂದರೆ ಸಣ್ಣದಲ್ಲ. ರಕ್ತಪಿಶಾಚಿಯಾದ ಆಸ್ಟೇರಿಯನ್ ಆಗುವುದಿಲ್ಲ ಎನ್ನುತ್ತಾನೆ. ಒಮ್ಮೆ ಕಚ್ಚಿದರೆ ಏನಾಯಿತು ಎಂದು ಒತ್ತಾಯ ಮಾಡಲು ನಿಮಗೆ ಡೈಲಾಗ್ ಇದೆ. ಒತ್ತಾಯಿಸಿದರೆ ಅವನು ಕಚ್ಚುತ್ತಾನೆ, ಕಷಾಯ ನಿಮಗೆ ಸಿಗುತ್ತದೆ. ಎರಡು ಶತಮಾನ ಅವನ ಒಡೆಯ ಕ್ಯಾಜಡೋರ್ ಅವನಿಂದ ಮಾಡಿಸಿದ್ದೂ ಇದನ್ನೇ: ನಿನ್ನ ಮೈ, ನನ್ನ ಲಾಭ. ನಿರ್ಧಾರ ಅವನದು ಎಂದು ಬಿಟ್ಟರೆ, ಮುಂದೆ ಅವನು ಆ ಮಾತೆತ್ತಿ ಕೃತಜ್ಞತೆ ಹೇಳುವ ದೃಶ್ಯ ತೆರೆದುಕೊಳ್ಳುತ್ತದೆ. ತಮಾಷೆ, ಸರಸ, ಚುಚ್ಚುಮಾತುಗಳ ಹಿಂದೆ ಬೇಡ ಎನ್ನಲು ಕಲಿತೇ ಇರದ ಒಬ್ಬನಿದ್ದಾನೆ ಎಂಬುದು ಆಗ ಕಾಣುತ್ತದೆ.

ಹಾಗೆಂದು ಅವನು ಬರೀ ನೊಂದವನಲ್ಲ. ಆಟ ಅವನ ಅಪರಾಧವನ್ನು ಮರೆಸುವುದಿಲ್ಲ, ಮೆಚ್ಚಬೇಕಾದದ್ದು ಅದನ್ನೇ. ಮೊದಲ ಅಂಕದ ಜೌಗುನೆಲದಲ್ಲಿ ಗ್ಯಾಂಡ್ರೆಲ್ ಎಂಬ, ಗುರ್ ಅಲೆಮಾರಿ ಜನರ ಬೇಟೆಗಾರ ಅವನನ್ನೇ ಹುಡುಕುತ್ತಿರುತ್ತಾನೆ. ಯಾಕೆಂಬುದು ಮೂರನೇ ಅಂಕದಲ್ಲಿ ಗುರ್ ಜನರೇ ಎದುರಾದಾಗ ಸ್ಪಷ್ಟವಾಗುತ್ತದೆ: ಅವರ ಮಕ್ಕಳನ್ನು ಕದ್ದೊಯ್ದು ಒಡೆಯನಿಗೆ ಒಪ್ಪಿಸಿದವನು ಇವನು. ಕ್ಯಾಜಡೋರ್‌ನ ಅರಮನೆಯ ಅಡಿಯ ಸೆರೆಮನೆಯಲ್ಲಿ ಆ ಮಕ್ಕಳೂ ಇದ್ದಾರೆ, ಅವನು ಹಿಂದೆಂದೋ ಮರುಳು ಮಾಡಿ ಕರೆತಂದ ಸೆಬಾಸ್ಟಿಯನ್ ಕೂಡ ಇದ್ದಾನೆ. ಈ ಜಾಗಕ್ಕೆ ಆಸ್ಟೇರಿಯನ್‌ನನ್ನು ಕರೆದುಕೊಂಡೇ ಹೋಗಬೇಕು. ಕಂಬಿಗಳ ಮುಂದೆ ನಿಂತು ಎಲ್ಲರನ್ನೂ ಮಾತನಾಡಿಸಿ. ಲಡಾಯಿಗೆ ಆತುರಪಟ್ಟು ನೇರ ಕೆಳಗೆ ಇಳಿದುಬಿಡುವವರು ಬಹಳ, ಅವರಿಗೆ ಇಡೀ ಕಥೆಯ ಅರ್ಧ ತೂಕ ತಪ್ಪಿಹೋಗುತ್ತದೆ.

ಅಲ್ಲಿಂದ ಮುಂದಿನ ಆಮಿಷ ಇನ್ನೂ ದೊಡ್ಡದು. ಕ್ಯಾಜಡೋರ್ ಮಾಡಲಿದ್ದ ಮಾಂತ್ರಿಕ ವಿಧಿಯನ್ನು ಆಸ್ಟೇರಿಯನ್ ತಾನೇ ಮುಗಿಸಬಹುದು. ಬೆಲೆ ಸೆರೆಯಲ್ಲಿರುವ 7,000 ಜೀವ. ಪ್ರತಿಫಲವಾಗಿ ಅವನ ಹೊಡೆತಗಳಿಗೆ 1ಡಿ10 (ಹತ್ತು ಮುಖದ ದಾಳದ ಒಂದು ಉರುಳು) ನೆಕ್ರೋಟಿಕ್ ಹಾನಿ ಸೇರುತ್ತದೆ, ಬಿಸಿಲು ಏನೂ ಮಾಡುವುದಿಲ್ಲ. ಯುದ್ಧದ ಲೆಕ್ಕದಲ್ಲಿ ಭರ್ಜರಿ ಲಾಭ. ಆದರೆ ವಿಧಿ ಮುಗಿದ ಮೇಲೆ ಅವನ ಮಾತು ಕೇಳಿ: ಪ್ರೀತಿಸುವವರನ್ನೂ ಸ್ವತ್ತಿನ ಹಾಗೆ ಕಾಣುತ್ತಾನೆ, ಹಳೆಯ ಒಡೆಯನದೇ ಧಾಟಿ. ತಡೆಯಬೇಕೆಂದರೆ ವಿಧಿಗೆ ಮುಂಚೆ ಅವನ ಮನವೊಲಿಸಬೇಕು. ದಾಳ ಉರುಳಿಸುವ ಘಟ್ಟ ಇದು, ಒಳಹೊಕ್ಕುವ ಮೊದಲೇ ಸೇವ್ ಮಾಡಿಟ್ಟುಕೊಳ್ಳಿ. ಒಲಿಸಿದರೆ ಅವನು ಕ್ಯಾಜಡೋರ್‌ನನ್ನು ಮತ್ತೆ ಮತ್ತೆ ಇರಿದು, ಅಲ್ಲೇ ಕುಸಿದು ಅಳುತ್ತಾನೆ. ಆಸ್ಟೇರಿಯನ್‌ಗೆ ದನಿಯಾದ ನೀಲ್ ನ್ಯೂಬನ್‌ಗೆ 2023ರ ದಿ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಅಭಿನಯದ ಪ್ರಶಸ್ತಿ ಯಾಕೆ ಬಂತು ಎಂದು ಕೇಳುವವರು ಈ ದೃಶ್ಯ ನೋಡಲಿ.

ಲೇಜೆಲ್‌ಗೆ ಆಸ್ಟೇರಿಯನ್‌ನ ಹಾಗೆ ಮಾತಿನ ಮೋಡಿ ಇಲ್ಲ, ಅದಕ್ಕೇ ಅವಳಿಗೆ ಅನ್ಯಾಯವಾಗಿದೆ. ನಿರಾಶ್ರಿತರು ತಂಗಿರುವ ಎಮರಾಲ್ಡ್ ಗ್ರೋವ್‌ನಲ್ಲಿ ಜೊರ್ರು ಎಂಬ ಹೆದರಿದ ಟೀಫ್ಲಿಂಗ್‌ನನ್ನು (ಕೊಂಬುಳ್ಳ ಜನಾಂಗದವನನ್ನು) ಮಂಡಿಯೂರಿಸಿ ಮಾಹಿತಿ ಕಕ್ಕಿಸುವಾಗಲೇ ಎಷ್ಟೋ ಜನ ಅವಳನ್ನು ಪಾರ್ಟಿಯಿಂದ ತೆಗೆದುಬಿಡುತ್ತಾರೆ. ಅವಳ ಜನಾಂಗವಾದ ಗಿತ್ಯಾಂಕಿಗಳ ನೆಲೆ ಇರುವ ರೋಸಿಮಾರ್ನ್ ಮಠದವರೆಗೆ ಅವಳನ್ನು ಇಟ್ಟುಕೊಳ್ಳಿ. ಅಲ್ಲಿನ ಮೊಟ್ಟೆಮನೆಯಲ್ಲಿ ಹೊತ್ತಿಗೆ ಸರಿಯಾಗಿ ಒಡೆಯದ ಮೊಟ್ಟೆಯನ್ನು ನಾಶ ಮಾಡಬೇಕೆಂಬ ಕಟ್ಟಳೆ ಇದೆ. ದುರ್ಬಲನಿಗೆ ಹುಟ್ಟುವ ಮೊದಲೇ ಮರಣದಂಡನೆ. ಇಂಥಲ್ಲಿ ಬೆಳೆದವಳು ಜೊರ್ರುವನ್ನು ಇನ್ನು ಹೇಗೆ ಮಾತನಾಡಿಸಿಯಾಳು?

ಅದೇ ನೆಲೆಯಲ್ಲಿ ಜೈಥಿಸ್ಕ್ ಎಂಬ ಯಂತ್ರವಿದೆ. ಆಟದ ಶುರುವಿನಲ್ಲೇ ನಿಮ್ಮೆಲ್ಲರ ತಲೆಯೊಳಗೆ ಹೊಕ್ಕ ಹುಳು ತೆಗೆದು ಶುದ್ಧಿ ಮಾಡುತ್ತದೆ ಎಂದು ಲೇಜೆಲ್ ಶುರುವಿನಿಂದ ಹೇಳುತ್ತಾ ಬಂದದ್ದು ಇದನ್ನೇ. ಯಂತ್ರ ಕೊಲ್ಲುವುದಕ್ಕೆಂದೇ ಇರುವುದು. ಅದರಿಂದ ಬದುಕಿ ಹೊರಬಂದ ಮೇಲೂ ಅವಳು ಗಿತ್ಯಾಂಕಿಗಳ ರಾಣಿ ವ್ಲಾಕಿತ್‌ಳನ್ನು ದೂರುವುದಿಲ್ಲ, ನಡುವೆ ಯಾರೋ ದ್ರೋಹ ಮಾಡಿದ್ದಾರೆ ಎನ್ನುತ್ತಾಳೆ. ಇಲ್ಲಿ ಅವಳನ್ನು ಹಂಗಿಸಬೇಡಿ. ನಂಬಿಕೆ ಒಡೆಯುವುದು ತಡವಾಗಿ: ರಾಣಿಯೇ ಎದುರು ಬಂದು ಆಜ್ಞೆ ಕೊಟ್ಟ ನಂತರ, ಮುಂದೊಂದು ರಾತ್ರಿ ವಾಸ್ ಎಂಬ ಗಿತ್ಯಾಂಕಿ ಯೋಧ ಕ್ಯಾಂಪಿಗೆ ಬಂದು ಸತ್ಯ ಬಿಚ್ಚಿಟ್ಟಾಗ. ಅಂಡರ್‌ಡಾರ್ಕ್, ಗ್ರಿಮ್‌ಫೋರ್ಜ್ ಹಾದಿಯಲ್ಲಿ ನೇರ ಎರಡನೇ ಅಂಕಕ್ಕೆ ಹೋಗುವವರು ಈ ಮಠ ನೋಡುವುದೇ ಇಲ್ಲ, ಆಮೇಲೆ ಲೇಜೆಲ್ ಬದಲಾಗುವುದಿಲ್ಲ ಎಂದು ದೂರುತ್ತಾರೆ. ಗ್ರೋವ್‌ನ ಕೆಲಸಗಳನ್ನು ಮುಗಿಸಿ, ಈ ಮಠವಿರುವ ಮೌಂಟನ್ ಪಾಸ್‌ಗೂ ಹೋಗಿ ಬನ್ನಿ.

ದೃಶ್ಯಗಳು ತಪ್ಪುವುದಕ್ಕೆ ಇನ್ನೊಂದು ಕಾರಣ ನಿದ್ದೆಗೆಡುವುದು. ಹುಳು ಕೆಲವೇ ದಿನಗಳಲ್ಲಿ ರೂಪಾಂತರ ಮಾಡುತ್ತದೆ ಎಂದು ಪಾತ್ರಗಳು ಹೆದರಿಸುವುದರಿಂದ ಆಡುವವರು ಲಾಂಗ್ ರೆಸ್ಟ್ (ಕ್ಯಾಂಪಿನಲ್ಲಿ ರಾತ್ರಿ ಮಲಗುವುದು) ಉಳಿಸುತ್ತಾರೆ. ಹುಳುವಿಗೆ ಅಂಥ ಗಡಿಯಾರ ಇಲ್ಲ. ಕ್ಯಾಂಪಿನ ಮಾತುಕತೆಗಳು ರಾತ್ರಿಗೊಂದರಂತೆ ಸಾಲುಗಟ್ಟಿ ಕಾಯುತ್ತಿರುತ್ತವೆ. ಸಾಧಾರಣ ಕಷ್ಟದ ಬ್ಯಾಲೆನ್ಸ್ಡ್ ಮಟ್ಟದಲ್ಲಿ ಪೂರ್ತಿ ವಿಶ್ರಾಂತಿಗೆ 40 ಸಪ್ಲೈ (ಆಹಾರದ ಅಂಕ), ಹೆಚ್ಚು ಕಷ್ಟದ ಟ್ಯಾಕ್ಟಿಷಿಯನ್‌ನಲ್ಲಿ 80. ಸಿಕ್ಕ ತಿಂಡಿ ತೀರ್ಥವೆಲ್ಲ ಕ್ಯಾಂಪಿಗೆ ಕಳಿಸುತ್ತಿದ್ದರೆ ಕೊರತೆಯಾಗದು. ಉರಿಯುತ್ತಿರುವ ವಾಕೀನ್ಸ್ ರೆಸ್ಟ್ ಛತ್ರದಂಥ ಕೆಲವು ಕಡೆ ಮಾತ್ರ ಮಲಗಿದರೆ ಕೆಲಸ ಕೆಡುತ್ತದೆ.

ಜೊತೆಗಾರರು ನಿಮ್ಮನ್ನು ಎಷ್ಟು ಮೆಚ್ಚುತ್ತಾರೆ ಎಂದು ತೋರಿಸುವ ಅಪ್ರೂವಲ್ ಅಂಕಗಳಿಗೂ ಮೋಸ ಹೋಗಬೇಡಿ. ಅದು -50ರಿಂದ 100ರವರೆಗೆ ಓಡುತ್ತದೆ. ಬಡಪಾಯಿಯೊಬ್ಬನಿಗೆ ಸಹಾಯ ಮಾಡಿದ್ದಕ್ಕೆ ಆಸ್ಟೇರಿಯನ್ ಮುನಿಸಿಕೊಂಡರೆ ಕಳೆದುಹೋಗುವುದು ಸ್ವಲ್ಪವೇ, ರಾತ್ರಿ ಒಮ್ಮೆ ರಕ್ತ ಕುಡಿಯಲು ಬಿಟ್ಟರೆ ಮತ್ತೆ ಹತ್ತಿರವಾಗುತ್ತಾನೆ. ಸಾಕು ಎಂದಾಗ ತಡೆಯಿರಿ, ಇಲ್ಲದಿದ್ದರೆ ನೀವೇ ಸಾಯಬಹುದು. ಅವನನ್ನು ಮೆಚ್ಚಿಸಲೆಂದು ಪ್ರತಿ ಸಲ ಕ್ರೂರ ಉತ್ತರವನ್ನೇ ಆರಿಸಿದರೆ ಅಂಕ ಏರುತ್ತದೆ, ಆದರೆ ಕೊನೆಗೆ ವಿಧಿ ನಿಲ್ಲಿಸು ಎನ್ನುವ ನಿಮ್ಮ ಮಾತಿಗೆ ಹಿಂದುಮುಂದಿಲ್ಲದಂತಾಗುತ್ತದೆ.

ಎದುರಾಳಿ ಪಾಳಯದ ಮಿಂಥಾರಾಳ ಬಗ್ಗೆಯೂ ಕೇಳುತ್ತಾರೆ. ಗ್ರೋವ್‌ನ ನಿರಾಶ್ರಿತರನ್ನು ಕೊಲ್ಲಿಸಹೊರಟವಳು ಅವಳು, ಕೊನೆಯವರೆಗೂ ಕ್ಷಮೆ ಯಾಚಿಸುವವಳಲ್ಲ. ಆಟದ ಖಳರಲ್ಲಿ ಒಬ್ಬಳಾದ ಆರಿನ್‌ಳ ಹಿಂಸೆಗೆ ಸಿಕ್ಕಿ ಮನಸ್ಸೇ ಕೈತಪ್ಪಿದ್ದಳು ಎಂದು ತಿಳಿದ ಮೇಲೆ ಅವಳ ಸಿಟ್ಟು ಅರ್ಥವಾಗುತ್ತದೆ, ಒರಟುತನ ಹಾಗೇ ಇರುತ್ತದೆ. ಮೊದಲು ಅವಳನ್ನು ಜೊತೆಗಾತಿಯಾಗಿ ಪಡೆಯಲು ಗ್ರೋವ್ ನಾಶಕ್ಕೆ ಕೈಜೋಡಿಸಬೇಕಿತ್ತು, ನಂತರದ ಅಪ್‌ಡೇಟ್‌ಗಳು ಬೇರೆ ದಾರಿ ಕೊಟ್ಟವು. ಗಾಬ್ಲಿನ್ ಕ್ಯಾಂಪಿನಲ್ಲಿ ಅವಳೊಡನೆ ಹೋರಾಡುವಾಗ ಪ್ಯಾಸಿವ್ಸ್ ಪಟ್ಟಿಯಲ್ಲಿ ನಾನ್-ಲೀಥಲ್ (ಕೊಲ್ಲದೆ ಮೂರ್ಛೆಗೊಳಿಸುವ ಆಯ್ಕೆ) ಆನ್ ಮಾಡಿ, ಕೊನೆಯ ಪೆಟ್ಟನ್ನು ಕತ್ತಿಯಿಂದಲೋ ಕೈಯಿಂದಲೋ ಹತ್ತಿರದಿಂದಲೇ ಕೊಡಿ. ಬಾಣ, ಮಂತ್ರ ಕೊಂದೇಬಿಡುತ್ತವೆ. ಮೂನ್‌ರೈಸ್ ಮೇಲೆ ದಾಳಿ ಮಾಡುವ ಮೊದಲು ಅಲ್ಲಿಗೆ ಅತಿಥಿಯಂತೆ ಹೋದರೆ, ಅಲ್ಲಿನ ದಂಡನಾಯಕ ಕೆತೆರಿಕ್ ಥಾರ್ಮ್ ಮುಂದೆ ಅವಳ ವಿಚಾರಣೆ ನಡೆಯುತ್ತಿರುತ್ತದೆ. ಬಿಡಿಸಬೇಕಾದದ್ದು ಕೆಳಗಿನ ಸೆರೆಮನೆಯಿಂದ. ಅವಳನ್ನು ಬಿಡಿಸಿಕೊಳ್ಳದೆ ದಾಳಿಗಿಳಿದರೆ ಆ ಆಟದಲ್ಲಿ ಅವಳು ಮತ್ತೆ ಸಿಗುವುದಿಲ್ಲ.